ಬಯೋಡಾಟಾಕ್ಕೆ ಬಾರದ ಬಿಯರು

ನಮ್ಮ ಯಲಹಂಕದ ಹಳೇ ಊರಿನಲ್ಲಿ ಎದೆಮಟ್ಟದ ಕಾಂಪೌಂಡ್ ಗೋಡೆಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಹೊಸದಾಗಿ ಮನೆ ಕಟ್ಟುವವರು ಏಳಡಿ ಏರಿಸಿ ಮೇಲೆ ಗಾಜಿನ ಚೂರು ನೆಡುತ್ತಾರೆ. ಹರಟೆಯ ಮಟ್ಟಿಗೆ ಊರು ಕೆಟ್ಟಿದ್ದು ಅಲ್ಲಿಂದಲೇ. ನನಗೂ ಪಕ್ಕದ ಮನೆ ಗೌಡರಿಗೂ ನಡುವೆ ಇರುವುದು ಅವರಪ್ಪನ ಕಾಲದ ಗೋಡೆ, ಮೊಣಕೈ ಊರುವುದಕ್ಕೆಂದೇ ಅಳತೆ ತೆಗೆದು ಕಟ್ಟಿಸಿದಂಥದ್ದು. ಆಚೆ ಕಡೆ ಕೊಟ್ಟಿಗೆಯಲ್ಲಿ ನಾಲ್ಕು ಸೀಮೆಹಸು, ಈಚೆ ಕಡೆ ನನ್ನ ಕರಿಬೇವು. ಗೌಡರು ವೀಲ್ ಅಂಡ್ ಆಕ್ಸಲ್‌ನಲ್ಲಿ ಕುಲುಮೆ ಮುಂದೆ ಸರ್ವಿಸ್ ಮುಗಿಸಿದವರು. ಅದಕ್ಕೆ ರೈಲ್ ವೀಲ್ ಫ್ಯಾಕ್ಟರಿ ಅಂತ ಹೆಸರು ಬದಲಾಗಿ ಕಾಲವಾಯಿತು, ಗೌಡರ ಬಾಯಲ್ಲಿ ಮಾತ್ರ ಬದಲಾಗಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ಹಾಗಾಗಿ ಅರ್ಜಿ, ತಕರಾರು, ಲಗ್ನಪತ್ರಿಕೆಯ ಕರಡು ಎಲ್ಲಕ್ಕೂ ಬೀದಿಯವರಿಗೆ ನಾನೇ.

ಭಾನುವಾರ ಬೆಳಿಗ್ಗೆ ಗೌಡರು ಗೋಡೆ ಮೇಲೆ ಒಂದು ಖಾಲಿ ಹಾಳೆ ಇಟ್ಟರು.

"ಮೇಷ್ಟ್ರೇ, ಚಿಕ್ಕೋನ್ದು ಬಯೋಡಾಟಾ ಬರೀಬೇಕು. ದೊಡ್ಡಬಳ್ಳಾಪುರದ ಕಡೆ ಒಂದು ಹೆಣ್ಣು ಬಂದದೆ. ನಕ್ಷತ್ರ, ಗೋತ್ರ, ಎತ್ತರ ಎಲ್ಲಾ ನಾನೇ ಹೇಳ್ತೀನಿ. ಉದ್ಯೋಗ ಅನ್ನೋ ಕಡೆ ಮಾತ್ರ ಏನ್ ಬರ್ಯೋದೋ ತಿಳೀವಲ್ದು."

"ಬ್ರೂವರ್ ಅಂತ ಬರೆಯೋಣ."

"ಸಾರಾಯಿ ಕಾಯಿಸ್ತವ್ನೆ ಅನ್ಕಂಡ್ರೆ?"

"ಸಾರಾಯಿ 2007ರಲ್ಲೇ ನಿಂತು ಹೋಯ್ತಲ್ಲ ಗೌಡ್ರೇ."

"ನಿಂತಿದ್ದು ಸಾರಾಯಿ. ಜನದ ಬಾಯಿ ನಿಂತದಾ?"

ಒಳಗಿನಿಂದ ಗೌಡರ ಮನೆಯವರು ಕೂಗಿದರು: "ಫುಡ್ ಟೆಕ್ನಾಲಜಿ ಅಂತ ಬರ್ದುಬುಡಿ ಮೇಷ್ಟ್ರೇ. ನಮ್ಮಕ್ಕನ ಮನೇಲಿ ಹಂಗೇ ಹೇಳಿವ್ನಿ."

ಹುಡುಗ ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಹೆಬ್ಬಾಳದ ಕಡೆಯ ಒಂದು ಬ್ರೂಪಬ್‌ನಲ್ಲಿ ಬಿಯರು ಮಾಡುವ ಕೆಲಸ. ಗೌಡರ ಸಂಕಟ ಕುಡಿತದ್ದಲ್ಲ. ಅವರೇ ಹಬ್ಬ ಹರಿದಿನಕ್ಕೆ ಒಂದು ಗ್ಲಾಸು ಹಿಡಿಯುವವರು. ಅವರ ದುಃಖ ಬೇರೆ. "ಲ್ಯಾಬಲ್ಲಿ ಬಿಳೀ ಕೋಟ್ ಹಾಕ್ಕಂಡು ಕುಂತ್ಕತಾನೆ ಅಂತ ಓದ್ಸಿದೆ. ಮೊನ್ನೆ ನೋಡಕ್ಕೆ ಹೋದ್ರೆ ಗಂಬೂಟ್ ಹಾಕ್ಕಂಡು ಪೈಪ್ ಹಿಡ್ಕಂಡು ಡ್ರಮ್ಮು ತೊಳೀತವ್ನೆ. ದಿನದಲ್ಲಿ ಮುಕ್ಕಾಲು ಪಾಲು ತೊಳ್ಯೋದೇ ಕೆಲ್ಸವಂತೆ. ಕಾಸ್ಟಿಕ್ಕು, ಆಸಿಡ್ಡು, ಬಿಸಿನೀರು. ತೊಳ್ಯೋದಕ್ಕೆ ಎಂ.ಎಸ್ಸಿ. ಬೇಕಾ?"

ಬೇಕು ಅಂದೆ. ಒಂದು ಹುಳಿ ಬ್ಯಾಕ್ಟೀರಿಯಾ ಮೂಲೆಯಲ್ಲಿ ಉಳಿದರೂ ಟ್ಯಾಂಕಿಗೆ ಟ್ಯಾಂಕೇ ಹಾಳು. ಸೀಸೆ ಕಂಪನಿಯವರು ಬಿಯರನ್ನು ಪಾಶ್ಚರೀಕರಿಸಿ ಅಂಥ ಜೀವಿಗಳನ್ನೆಲ್ಲ ಕೊಂದು ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂರಿಸುತ್ತಾರೆ. ಗೌಡರ ಮಗ ಮಾಡುವುದು ಜೀವ ಇರುವ ಬಿಯರು. ಅದಕ್ಕೆ ಕಾವಲೂ ಜಾಸ್ತಿ, ಆಯಸ್ಸೂ ಕಡಿಮೆ.

"ಅಲ್ಲಾ, ಇದನ್ನ ಮಾಡೋದಾದ್ರೂ ಹೆಂಗೆ? ಅವ್ನ್ ಹೇಳಿದ್ರೆ ಅರ್ಧ ಇಂಗ್ಲಿಷಲ್ಲಿ ಹೇಳ್ತಾನೆ."

ಗೌಡರ ತಾಯಿಯನ್ನು ನೆನಪಿಸಿದೆ. ಆಯಮ್ಮ ಮೊಮ್ಮಕ್ಕಳಿಗೆ ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೆಚ್ಚಗೆ ಹುರಿದು ಮಾಲ್ಟ್ ಬೀಸುತ್ತಿದ್ದರು. ಅದೇ ಉಪಾಯ ಬಾರ್ಲಿಗೂ. ಮೊಳಕೆ ಒಡೆಯುವಾಗ ಕಾಳಿನೊಳಗೆ ಕಿಣ್ವ ಹುಟ್ಟುತ್ತದೆ. ಗಂಜಿಯನ್ನು ಸಕ್ಕರೆ ಮಾಡುವುದು ಅದರ ಧರ್ಮ. ಮೊಳಕೆ ಮುಂದಕ್ಕೆ ಬೆಳೆಯದಂತೆ ಒಣಗಿಸಿ ನಿಲ್ಲಿಸುತ್ತಾರೆ. ಆಮೇಲೆ ತರಿತರಿಯಾಗಿ ಒಡೆದು ಬಿಸಿನೀರಿನಲ್ಲಿ ಒಂದು ಗಂಟೆ ಬಿಟ್ಟರೆ ನೀರು ಸಿಹಿಯಾಗುತ್ತದೆ. ಒಂದು ಚಮಚ ಸಕ್ಕರೆಯನ್ನೂ ಹಾಕಿರುವುದಿಲ್ಲ.

"ಎಷ್ಟು ಬಿಸಿ?"

"ಅರವತ್ತೈದು ಡಿಗ್ರಿ ಆಸುಪಾಸು."

ಗೌಡರು ನಕ್ಕುಬಿಟ್ಟರು. ಕುಲುಮೆಯಲ್ಲಿ ಗುಜರಿ ಕಬ್ಬಿಣವನ್ನು ಸಾವಿರದಾರುನೂರು ಡಿಗ್ರಿ ದಾಟಿಸಿ ಕರಗಿಸುತ್ತಿದ್ದ ಮನುಷ್ಯ. "ಅರ್ವತ್ತೈದಾ? ಅದು ಸ್ನಾನಕ್ಕೆ ಕಾಯ್ಸೋ ನೀರು ಕಣ್ರೀ!"

ಆದರೆ ಆ ಸ್ನಾನದ ನೀರಿನಲ್ಲೇ ಕೈಚಳಕ. ಎರಡು ಮೂರು ಡಿಗ್ರಿ ಮೇಲೆ ಹೋದರೆ ಬಿಯರು ಮೈ ತುಂಬಿಕೊಂಡು ದಪ್ಪಗಾಗುತ್ತದೆ, ಕೆಳಗೆ ಬಂದರೆ ಒಣಕಲಾಗುತ್ತದೆ. ಎಂಬತ್ತರ ಹತ್ತಿರ ಹೋಯಿತೋ ಕಿಣ್ವ ಸತ್ತೇ ಹೋಯಿತು. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂವು ಹಾಕಿ ಕುದಿಸುತ್ತಾರೆ. ಕಹಿ ಬರುವುದು ಅದರಿಂದ, ಕೆಡದೆ ಉಳಿಯುವುದೂ ಒಂದಿಷ್ಟು ಅದರಿಂದಲೇ. ಹಾಪ್ಸ್ ಜರ್ಮನಿಯಿಂದಲೋ ಅಮೆರಿಕದಿಂದಲೋ ಬರುತ್ತದೆ. ಹಿಮಾಚಲದ ಲಾಹೌಲಿನಲ್ಲೂ ಸ್ವಲ್ಪ ಬೆಳೆದಿದ್ದುಂಟು. ಕುದಿಸಿ ಆರಿಸಿ ಯೀಸ್ಟ್ ಬಿಟ್ಟರೆ ಅದು ಸಕ್ಕರೆ ತಿಂದು ಮದ್ಯಸಾರವನ್ನೂ ಗಾಳಿಯನ್ನೂ ಬಿಡುತ್ತದೆ. ಏಲ್ ಆದರೆ ಎರಡು ವಾರದೊಳಗೆ ಕುಡಿಯುವ ಹದಕ್ಕೆ ಬರುತ್ತದೆ. ಲಾಗರ್ ಆದರೆ ತಣ್ಣಗಿನ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಮಲಗಬೇಕು. ಸಣ್ಣ ಬ್ರೂವರಿಯವರು ಹೆಚ್ಚಾಗಿ ಏಲ್ ಮಾಡುವುದಕ್ಕೆ ರುಚಿಯಷ್ಟೇ ಇದೂ ಕಾರಣ. ಟ್ಯಾಂಕು ಬೇಗ ಖಾಲಿಯಾದಷ್ಟೂ ಬಾಡಿಗೆ ಹುಟ್ಟುತ್ತದೆ.

"ಅಂಗಾದ್ರೆ ಅವತ್ತು ಅವ್ನ್ ಕೊಟ್ಟಿದ್ರಲ್ಲಿ ಏಲಕ್ಕಿ ಬಾಳೆಹಣ್ಣಿನ ವಾಸ್ನೆ ಬತ್ತಿತ್ತು. ಎಸೆನ್ಸ್ ಹಾಕವ್ನೆ ಅನ್ಕಂಡೆ. ಮಗನೇ ಕಲಬೆರಕೆ ಮಾಡ್ತವ್ನಲ್ಲಪ್ಪ ಅಂತ ಬ್ಯಾಸರ ಆಯ್ತು."

ಅದು ಹೆಫೆವೈಜನ್. ಜರ್ಮನಿಯ ದಕ್ಷಿಣದ ಕಡೆಯ ಗೋಧಿ ಬಿಯರು. ಆ ಜಾತಿಯ ಯೀಸ್ಟೇ ಬಾಳೆಹಣ್ಣಿನ ವಾಸನೆಯ ಎಸ್ಟರನ್ನೂ ಲವಂಗದ ಘಮದ ಇನ್ನೊಂದು ಪದಾರ್ಥವನ್ನೂ ತಾನೇ ಬಿಡುತ್ತದೆ. ಮಾಗಿದ ಬಾಳೆಯಲ್ಲಿರುವುದೂ ಅದೇ ಐಸೊಅಮೈಲ್ ಅಸಿಟೇಟ್. ಹಣ್ಣೂ ಇಲ್ಲ, ಎಸೆನ್ಸೂ ಇಲ್ಲ. ಬೆಂಗಳೂರಿನವರಿಗೆ ಈ ಬಿಯರು ಇಷ್ಟೊಂದು ಹಿಡಿಸಿದ್ದಕ್ಕೆ ಕಾರಣ ನಮ್ಮ ಮೂಗಿಗೆ ಬಾಳೆ, ಲವಂಗ ಎರಡೂ ಮನೆಯ ವಾಸನೆ ಆಗಿರುವುದೇ ಇರಬೇಕು ಅಂತ ನನ್ನ ಅನುಮಾನ. ಅಡುಗೆಮನೆಯಿಂದ ಇನ್ನೊಂದು ಪ್ರಶ್ನೆ ಬಂತು: "ಕೊತ್ತಂಬರಿ ಬೀಜ ಹಾಕ್ತಾರಂತಲ್ಲಾ, ಸಾರಿಗೆ ಹಾಕೋದೇನಾ?" ಅದೇ. ಬೆಲ್ಜಿಯಂನವರ ವಿಟ್ ಬಿಯರಿಗೆ ಧನಿಯಾ ಮತ್ತು ಕಿತ್ತಳೆ ಸಿಪ್ಪೆ. ಅಲ್ಲಿ ಅದು ನಿಂತೇ ಹೋಗಿತ್ತು. ಹ್ಯೂಗಾರ್ಡನ್ ಎಂಬ ಊರಿನಲ್ಲಿ ಪಿಯರ್ ಸೆಲಿಸ್ ಎನ್ನುವವರು 1966ರಲ್ಲಿ ಮತ್ತೆ ಶುರು ಮಾಡಿದರು. ಅವರು ಮೊದಲು ಹಾಲಿನ ವ್ಯಾಪಾರದವರು. ಇದನ್ನು ಕೇಳಿ ಗೌಡರಿಗೆ ಆತನ ಮೇಲೆ ಒಮ್ಮೆಲೇ ಗೌರವ ಬಂತು.

"ಇದೆಲ್ಲಾ ಈಚೀಚೆಗೆ ಅಲ್ವಾ? ನಮ್ ಕಾಲದಲ್ಲಿ ಬಿಯರು ಅಂದ್ರೆ ಒಂದೇ."

ಒಂದೇ. ಆದರೆ ಈ ಊರಿಗೆ ಬಿಯರು ಹೊಸದಲ್ಲ, ದಂಡಿನ ಕಾಲದ್ದು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವ ದಕ್ಷಿಣದ ಐದು ಸಣ್ಣ ಬ್ರೂವರಿಗಳನ್ನು ಒಂದು ಹಗ್ಗಕ್ಕೆ ಕಟ್ಟಿ ಯುನೈಟೆಡ್ ಬ್ರೂವರೀಸ್ (ಯುಬಿ) ಅಂತ ಮಾಡಿದ. ಪೀಪಾಯಿಗಳನ್ನು ಎತ್ತಿನಗಾಡಿ ಮೇಲೆ ಹೇರಿ ಸೋಲ್ಜರುಗಳಿಗೆ ಮುಟ್ಟಿಸುತ್ತಿದ್ದರಂತೆ. 1947ರಲ್ಲಿ ವಿಠಲ ಮಲ್ಯ, ಇನ್ನೂ ಎಳೆಯ ಹುಡುಗ, ಅದರ ನಿರ್ದೇಶಕನಾಗಿ ಹೊಕ್ಕು ಮರುವರ್ಷ ಅಧ್ಯಕ್ಷನೇ ಆದ. ಈಗ ಯುಬಿ ಸಿಟಿ ಅಂತ ಗಾಜಿನ ಗೋಪುರ ನಿಂತಿರುವ ಜಾಗದಲ್ಲಿ ಇದ್ದದ್ದು ಅವರ ಬ್ರೂವರಿಯೇ. ಅಂದರೆ ಐದು ಸಣ್ಣವನ್ನು ನುಂಗಿ ಒಂದು ದೊಡ್ಡದಾಗಿದ್ದು ಮೊದಲನೇ ಕತೆ. ಎಂಬತ್ತರ ದಶಕದ ಕೊನೆಗೆ ಪಬ್‌ಗಳು ಬಂದವು, ಬೆಂಗಳೂರಿಗೆ ಪಬ್ ಸಿಟಿ ಅಂತ ಬಿರುದೂ ಬಂತು. ಚರ್ಚ್ ಸ್ಟ್ರೀಟಿನಲ್ಲಿ ರಾಕೆಟ್ಟಿನ ಒಳಗೆ ಕೂತಂತೆ ಮಾಡಿದ 'ನಾಸಾ' ಅಂತ ಒಂದು ಪಬ್ ಇತ್ತು. ಕೂರುವ ಜಾಗ ಮಾತ್ರ ಬಗೆಬಗೆ, ನಲ್ಲಿಯಲ್ಲಿ ಬರುವುದು ಹೆಚ್ಚುಕಮ್ಮಿ ಅದೇ ಬಿಯರು.

ನಲ್ಲಿಯ ಹಿಂದಿನ ಬಿಯರು ಬದಲಾಗಿದ್ದು 2011ರಲ್ಲಿ, ಮೀನಾಕ್ಷಿ ರಾಜು ಮತ್ತು ಅರವಿಂದ್ ರಾಜು ಎಂಬ ಒಡಹುಟ್ಟಿದವರು 'ದ ಬಿಯರ್ ಕ್ಲಬ್' ತೆಗೆದಾಗ. ಅಲ್ಲೇ ಮಾಡಿ ಅಲ್ಲೇ ಕೊಡುವ, ಊರಿನ ಮೊದಲ ಕ್ರಾಫ್ಟ್ ಬ್ರೂವರಿ. ಎಲ್ಲಿ ಅಂತೀರಿ? ವಿಠಲ್ ಮಲ್ಯ ರಸ್ತೆಯಲ್ಲೇ. ದೊಡ್ಡ ಬ್ರೂವರಿ ಖಾಲಿ ಮಾಡಿಹೋದ ಬೀದಿಗೆ ಸಣ್ಣದೊಂದು ಬಂದು ಕೂತಿತು. ಅದೇ ಹೊತ್ತಿಗೆ ಇಂದಿರಾನಗರದಲ್ಲಿ ಟಾಯ್ಟ್, ಆಮೇಲೆ 2012ರಲ್ಲಿ ಅಮೆರಿಕದ ಮಿಷಿಗನ್ ಕಡೆಯ ಹೆಸರು ಹೊತ್ತ ಆರ್ಬರ್, ವೈಟ್‌ಫೀಲ್ಡಿನಲ್ಲಿ ವಿಂಡ್‌ಮಿಲ್ಸ್. ಟಾಯ್ಟ್‌ನವರು ಬಾಸ್ಮತಿ ಅಕ್ಕಿ ಹಾಕಿ ಒಂದು ಬಿಯರು ಮಾಡಿದರು. ಆರ್ಬರ್‌ನವರ ಕಹಿ ಬಿಯರಿಗೆ ಇಟ್ಟ ಹೆಸರು ರೇಜಿಂಗ್ ಎಲಿಫೆಂಟ್. ನಮ್ಮ ಉತ್ತರದ ಕಡೆಗೆ ಇದು ನಿಧಾನವಾಗಿ ಬಂತು. ಏರ್‌ಪೋರ್ಟ್ 2008ರಲ್ಲಿ ಬಂತು, ಮಾನ್ಯತಾ ಟೆಕ್ ಪಾರ್ಕ್ ತುಂಬಿತು, ಅದರ ಹಿಂದೆ ಬಾಯಾರಿಕೆ ಬಂತು. ಹೆಣ್ಣೂರು ಕಡೆ ಬಿಗ್ ಬ್ರೂಸ್ಕಿಯವರು ಮದುವೆ ಛತ್ರವೇ ಸಣ್ಣದು ಅನ್ನಿಸುವಷ್ಟು ದೊಡ್ಡದು ಕಟ್ಟಿದರು. ಈಗ ಇಡೀ ಊರಿನಲ್ಲಿ ಇಂಥವು ಅರವತ್ತು ದಾಟಿವೆ.

"ಛತ್ರದಷ್ಟು ದೊಡ್ದು ಅಂತೀರಿ, ಆಮೇಲೆ ಸಣ್ಣ ಬ್ರೂವರಿ ಅಂತೀರಿ. ಯಾವ್ದು ಮೇಷ್ಟ್ರೇ?"

ಗೌಡರು ಕೇಳಿದ್ದು ಸರಿಯಾದ ಪ್ರಶ್ನೆ. ಕುರ್ಚಿಯ ಲೆಕ್ಕದಲ್ಲಿ ದೊಡ್ಡದು, ಟ್ಯಾಂಕಿನ ಲೆಕ್ಕದಲ್ಲಿ ಸಣ್ಣದು. ತುಮಕೂರು ರಸ್ತೆಯಲ್ಲಿ ಯಶವಂತಪುರ ದಾಟಿ ನೆಲಮಂಗಲದ ಕಡೆ ಹೋದರೆ ಯುಬಿಯ ಕಾರ್ಖಾನೆ ಇದೆ. ಅಲ್ಲಿ ಸೋರಿ ಚೆಲ್ಲುವಷ್ಟು ಬಿಯರನ್ನು ಇವರು ತಿಂಗಳೆಲ್ಲ ಮಾಡುತ್ತಾರೋ ಇಲ್ಲವೋ. ಇನ್ನೂ ಒಂದು ವ್ಯತ್ಯಾಸ ಯಜಮಾನಿಕೆಯದು. ಯುಬಿಯ ಹಿಡಿತ 2021ರಲ್ಲಿ ಡಚ್ಚರ ಹೈನೆಕೆನ್ ಕೈಗೆ ಹೋಯಿತು. ಬಡ್‌ವೈಸರ್ ಮಾಡುವ ಎಬಿ ಇನ್‌ಬೆವ್‌ನವರು ಎಂ.ಜಿ. ರಸ್ತೆಯ ತಾಜ್ ಹೋಟೆಲಿನಲ್ಲಿ ಸೆವೆನ್ ರಿವರ್ಸ್ ಅಂತ ಬ್ರೂಪಬ್ಬನ್ನೇ ತೆಗೆದರು. ತಾಮ್ರದ ಬಣ್ಣದ ಟ್ಯಾಂಕು, ಸೀಮೆಸುಣ್ಣದಲ್ಲಿ ಬರೆದ ಹಲಗೆ ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಅಮೆರಿಕದ ಸಣ್ಣ ಬ್ರೂವರಿಗಳ ಸಂಘದವರು ಇದಕ್ಕೊಂದು ಗೆರೆ ಎಳೆದಿದ್ದಾರೆ: ದೊಡ್ಡ ಮದ್ಯ ಕಂಪನಿಯ ಪಾಲು ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಮಾತ್ರ ಸ್ವತಂತ್ರ. ನಮ್ಮಲ್ಲಿ ಅಂಥ ಗೆರೆ ಯಾರೂ ಎಳೆದಿಲ್ಲ. ಕುಡಿಯುವವನಿಗೆ ಟ್ಯಾಂಕು ಕಣ್ಣಿಗೆ ಕಂಡರೆ ಸಾಕು.

"ನಮ್ ಹುಡ್ಗನ ಓನರ್ ಯಾರು ಅಂತ ಕೇಳ್ಬೇಕು ಆಯ್ತು. ಇರ್ಲಿ, ಸಣ್ಣೋರು ಬದುಕ್ಕಂತಾರಾ ಇದ್ರಲ್ಲಿ?"

ಬದುಕಿದವರ ಪೈಕಿ ಗೈಸ್ಟ್‌ನವರ ಕತೆ ನನಗೆ ಇಷ್ಟ. ನಾರಾಯಣ ಮಾನೆಪಲ್ಲಿ ಎನ್ನುವವರು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಇಂಟೆಲ್ ಎಂಜಿನಿಯರ್. ಆ ಊರಿನವರಿಗೆ ಮನೆಯಲ್ಲೇ ಬಿಯರು ಮಾಡುವುದೊಂದು ಹುಚ್ಚು, ಇವರಿಗೂ ಅಂಟಿತು. ಬೆಂಗಳೂರಿಗೆ ವಾಪಸು ಬಂದು ಬಿಯರು ಮಾರುತ್ತೇನೆಂದರೆ ಇಲ್ಲಿ ಸಣ್ಣ ಬ್ರೂವರಿಗೆ ಪರವಾನಗಿಯ ದಾರಿಯೇ ಇರಲಿಲ್ಲ. ಹಾಗಾಗಿ ತಮ್ಮ ಪಾಕವನ್ನು ಬೆಲ್ಜಿಯಂನಲ್ಲಿ ಮಾಡಿಸಿ ಹಡಗಿನಲ್ಲಿ ಇಲ್ಲಿಗೆ ತರಿಸಿದರು. ಯಲಹಂಕದವನು ಮುದ್ದೆ ತಿನ್ನಬೇಕೆಂದು ಬ್ರಸೆಲ್ಸಿನಲ್ಲಿ ತೊಳಸಿದ ಹಾಗೆ. ಆಮದು ಸುಂಕ, ಅಬಕಾರಿ ಸುಂಕ, ಲೇಬಲ್ ನೋಂದಣಿ ಎಲ್ಲ ಸೇರಿ ಆ ವ್ಯಾಪಾರ ಮೇಲೇಳಲಿಲ್ಲ. ಬಹಳ ವರ್ಷಗಳ ಮೇಲೆ ಹಳೇ ಮದ್ರಾಸ್ ರಸ್ತೆಯ ನಿಂಬೆಕಾಯಿಪುರದ ಹತ್ತಿರ ಸ್ವಂತ ಬ್ರೂವರಿ ಕಟ್ಟಿದರು. ಈಗ ಅವರ ಬಿಯರು ಕೆಗ್‌ಗಳಲ್ಲಿ ಊರಿನ ಬೇರೆ ಬೇರೆ ಹೋಟೆಲು ಪಬ್ಬುಗಳಿಗೆ ಹೋಗುತ್ತದೆ. ಕೆಗ್ ಅಂದರೆ ಅನಿಲ ತುಂಬಿ ಬಿಗಿ ಮಾಡಿದ ಸ್ಟೀಲ್ ಪೀಪಾಯಿ. ಅಂಕಲ್ ಡುಂಕೆಲ್, ಜೇಮ್ಸ್ ಬ್ಲಾಂಡ್, ವೈಸ್ ಗೈ ಅಂತ ಹೆಸರುಗಳು. ಹೆಸರಿಡುವುದಕ್ಕೇ ಒಬ್ಬನನ್ನು ಇಟ್ಟಿದ್ದಾರೇನೋ. ಅಲ್ಲಿ ಬಿಯರು ಮಾಡುವ ಮುಖ್ಯಸ್ಥೆ ವಿದ್ಯಾ ಕುಬೇರ್.

"ಹೆಣ್ ಮಗ್ಳಾ?" ಅಡುಗೆಮನೆಯ ಕಿಟಕಿ ಪೂರ್ತಿ ತೆರೆಯಿತು. "ಗಂಬೂಟ್ ಹಾಕ್ಕಂಡಾ?"

"ಹಾಕಿಕೊಳ್ಳದೆ ಏನು, ಹೈಹೀಲ್ಸ್ ಹಾಕಿಕೊಂಡು ಟ್ಯಾಂಕ್ ತೊಳೆಯೋಕಾಗುತ್ತಾ?"

"ಮತ್ತೆ ನಮ್ ಹುಡ್ಗಂದು ಏನ್ ನಾಚ್ಕೆ, ಬ್ರೂವರ್ ಅಂತಲೇ ಬರೀರಿ" ಅಂದರು ಗೌಡರ ಮನೆಯವರು. ಬಯೋಡಾಟಾದ ಆ ಸಾಲು ಅಲ್ಲಿಗೆ ಇತ್ಯರ್ಥವಾಯಿತು. ಗೌಡರಿಗೆ ಮಾತ್ರ ಆಗಲಿಲ್ಲ.

"ಹೆಣ್ಣಿನ ಅಪ್ಪ ಏನಂತಾನೋ."

"ಅವರೇನು ಮಾಡ್ತಾರೆ?"

"ದ್ರಾಕ್ಷಿ ತೋಟ. ಬೆಂಗಳೂರು ಬ್ಲೂ. ಒಂದಷ್ಟು ಹಣ್ಣು ವೈನ್ ಮಾಡೋರ್‌ಗೆ ಹಾಕ್ತಾರೆ."

ನನಗೆ ನಗು ತಡೆಯಲಾಗಲಿಲ್ಲ. ನಂದಿ ಬೆಟ್ಟದ ತಪ್ಪಲಿನ ಆ ಸೀಮೆಯಲ್ಲಿ ಗ್ರೋವರ್‌ನವರು ವೈನ್ ದ್ರಾಕ್ಷಿ ಹಾಕಿ ಎಷ್ಟು ಕಾಲವಾಯಿತು. ಸರ್ಕಾರ 2007ರಲ್ಲಿ ವೈನ್ ನೀತಿ ಮಾಡಿತು, ವೈನ್ ಬೋರ್ಡ್ ಮಾಡಿತು, ಅದನ್ನು ತೋಟಗಾರಿಕೆಯ ನೆರಳಿಗೆ ಕೂರಿಸಿತು. ವೈನ್ ಮೇಳ ಮಾಡಿದರೆ ಮಂತ್ರಿಗಳು ಬಂದು ಗ್ಲಾಸು ಮೂಸಿ ರೈತರ ಬದುಕು ಹಸನಾಗಲಿ ಅನ್ನುತ್ತಾರೆ. ದ್ರಾಕ್ಷಿ ಹುಳಿಬಂದರೆ ಕೃಷಿ, ಕಾಳು ಹುಳಿಬಂದರೆ ಅಬಕಾರಿ. ವೈನಿಗಿಂತ ಬಿಯರಿನಲ್ಲಿ ಮದ್ಯಸಾರ ಅರ್ಧಕ್ಕಿಂತಲೂ ಕಡಿಮೆ, ಆದರೆ ಅದಕ್ಕೆ ತೋಟವೂ ಇಲ್ಲ, ಮೇಳವೂ ಇಲ್ಲ. 2023ರ ಬಜೆಟ್ಟಿನಲ್ಲಿ ಬಿಯರಿನ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇಕಡಾ 175ರಿಂದ 185ಕ್ಕೆ ಏರಿಸಿದರು. ಅದು ಅಲ್ಲಿಗೂ ನಿಲ್ಲಲಿಲ್ಲ.

"ನೂರಕ್ಕೆ ನೂರೆಂಬತ್ತೈದಾ? ಮೀಟ್ರುಬಡ್ಡಿಯೋನೂ ಹಂಗ್ ಕೇಳಾಕಿಲ್ಲ."

"ಬೀಗರಾಗೋರು ವೈನ್, ನೀವು ಬಿಯರು. ಒಂದೇ ಕುಲ ಬಿಡಿ."

ಗೌಡರು ಒಂದು ಗಳಿಗೆ ಸುಮ್ಮನಿದ್ದು, "ಅವ್ರ್ ನೋಡಿದ್ರೆ ಬೆಳೆದೋರು. ನಮ್ದ್ರಲ್ಲಿ ನಮ್ ಮಣ್ಣಿಂದೇನದೆ?" ಅಂದರು.

ಇದು ಚುರುಕು ಮುಟ್ಟಿಸುವ ಮಾತೇ. ಬಾರ್ಲಿ ರಾಜಸ್ಥಾನ, ಹರಿಯಾಣದ್ದು, ವಿಶೇಷದ ಮಾಲ್ಟ್ ಜರ್ಮನಿಯದು, ಹಾಪ್ಸ್ ಪರದೇಶದ್ದು, ಯೀಸ್ಟ್ ಪೊಟ್ಟಣದಲ್ಲಿ ವಿ‌ಮಾನ ಹತ್ತಿ ಬಂದದ್ದು. ಹೊರಗೆ ಹಲಗೆಯಲ್ಲಿ ಮಾತ್ರ 'ಲೋಕಲ್'. ಉಳಿದದ್ದು ನೀರು. ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ ತಾನೆ. ನಮ್ಮ ಕಡೆಯ ನೀರೆಂದರೆ ಸಾವಿರ ಅಡಿ ಕೊರೆದ ಬೋರಿನದು, ಇಲ್ಲವೇ ಟ್ಯಾಂಕರಿನದು. ಅದರ ಗಡಸುತನಕ್ಕೆ ಬಿಯರು ಮಾಡುವವರು ಮೊದಲು ಆರ್‌ಒ ಹಾಕಿ ಎಲ್ಲವನ್ನೂ ತೆಗೆದು, ಆಮೇಲೆ ಬೇಕಾದ ಲವಣವನ್ನು ಅಳೆದು ಹಾಕುತ್ತಾರೆ. ಅಂದರೆ ನೀರಿನಿಂದಲೂ ಯಲಹಂಕವನ್ನು ತೆಗೆದ ಮೇಲೇ ಕೆಲಸ ಶುರು. ಒಂದು ಲೀಟರು ಬಿಯರಿಗೆ ನಾಲ್ಕರಿಂದ ಏಳು ಲೀಟರು ನೀರು ಹಿಡಿಯುತ್ತದೆ, ಸಣ್ಣ ಕಡೆ ಇನ್ನೂ ಹೆಚ್ಚು. ಹೆಚ್ಚಿನದ್ದೆಲ್ಲ ಆ ತೊಳೆಯುವುದಕ್ಕೇ. 2024ರ ಬೇಸಿಗೆಯಲ್ಲಿ ಟ್ಯಾಂಕರಿನವರನ್ನು ಅಪ್ಪಾ ಅಣ್ಣಾ ಅಂತ ಕರೆಯಬೇಕಾದಾಗ ಈ ಲೆಕ್ಕ ಎಲ್ಲರಿಗೂ ನೆನಪಾಯಿತು.

"ಆ ನೀರೆಲ್ಲಾ ಎಲ್ಗೋಯ್ತದೆ?"

ಕುಡಿದದ್ದೂ ತೊಳೆದದ್ದೂ ಕೊನೆಗೆ ಒಂದೇ ಮೋರಿಗೆ. ಅಲ್ಲಿಂದ ಹೆಬ್ಬಾಳದ ಶುದ್ಧೀಕರಣ ಘಟಕಕ್ಕೆ. ಹೆಬ್ಬಾಳ ನಾಗವಾರ ಕಣಿವೆ ಯೋಜನೆಯಲ್ಲಿ ಆ ನೀರನ್ನು ಪಂಪು ಮಾಡಿ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳನ್ನು ತುಂಬಿಸುತ್ತಾರೆ, ಒಟ್ಟು 65 ಕೆರೆ. ಕೆರೆ ತುಂಬಿದರೆ ಸುತ್ತಲ ಬೋರುಗಳಿಗೆ ನೀರು ಏರುತ್ತದೆ ಅನ್ನುವುದು ಲೆಕ್ಕಾಚಾರ.

ಗೌಡರು ಬೆರಳು ಮಡಚಿ ದಾರಿ ಗುರುತಿಸಿಕೊಂಡರು. "ಅಂದ್ರೆ ಶನಿವಾರ ಮಾನ್ಯತಾದೋರು ಕುಡ್ದಿದ್ದು ಬುಧವಾರಕ್ಕೆ ಚಿಕ್ಕಬಳ್ಳಾಪುರದ ಕೆರೇಲಿ. ದ್ರಾಕ್ಷಿಗೆ ಬಿಡ್ತಾರೆ. ಬೀಗರ ವೈನಿಗೆ ನಮ್ ಬಿಯರೇ ಮೂಲ ಅಂತಾಯ್ತು!" ಆ ಕ್ಷಣದಿಂದ ಅವರಿಗೆ ಹೆಣ್ಣಿನ ಕಡೆಯವರ ಮುಂದೆ ತಲೆ ಎತ್ತಿ ಕೂರುವ ಧೈರ್ಯ ಬಂದಂತಿತ್ತು. ಶುದ್ಧೀಕರಣದ ಬಗ್ಗೆ ನನ್ನದೊಂದು ತಕರಾರಿತ್ತು. ಆ ಖುಷಿಯ ನಡುವೆ ತೆಗೆಯಲಿಲ್ಲ.

ಆದರೂ ಬಿಯರಿನಲ್ಲಿ ಊರಿನದು ಇನ್ನೊಂದಿದೆ ಅಂತ ನನ್ನ ವಾದ, ಅದು ಅದರ ಆಯಸ್ಸು. ಬ್ರೂಪಬ್ಬಿನ ಪರವಾನಗಿಯ ತಿರುಳೇ ಮಾಡಿದ ಕಡೆ ಮಾರು ಎಂಬುದು. ಸರ್ಕಾರ ಇದನ್ನು ಕಟ್ಟುಪಾಡಾಗಿ ಮಾಡಿತು: ಎಲ್ಲೋ ಮಾಡಿ ಎಲ್ಲೋ ಸಾಗಿಸಿದರೆ ಸುಂಕ ತಪ್ಪುತ್ತದೆಂಬ ಅಂಜಿಕೆ ಇರಬೇಕು. ಆದರೆ ಆ ಹಗ್ಗವೇ ರುಚಿಯನ್ನು ಕಾಯಿತು. ಸೋಸದ, ಪಾಶ್ಚರೀಕರಿಸದ ಬಿಯರು ಲಾರಿ ಹತ್ತಿ ಬಿಸಿಲಲ್ಲಿ ನಿಂತರೆ ಕೆಡುತ್ತದೆ. ಟ್ಯಾಂಕಿನಿಂದ ಗ್ಲಾಸಿಗೆ ಮೂವತ್ತಡಿ ಪೈಪು ಅಷ್ಟೇ ಇರುವಾಗ ಕೆಡುವುದಕ್ಕೆ ಪುರುಸೊತ್ತೆಲ್ಲಿ? ಹೆಬ್ಬಾಳದ ಬಿಯರನ್ನು ಕುಡಿಯಬೇಕಾದರೆ ಹೆಬ್ಬಾಳದ ಫ್ಲೈಓವರನ್ನು ದಾಟಿಯೇ ತೀರಬೇಕು. ಅಷ್ಟು ಕಷ್ಟಪಟ್ಟು ಬಂದವನು ಮುನ್ನೂರು ರೂಪಾಯಿ ಕೊಡುವುದಕ್ಕೆ ಹಿಂದೆಮುಂದೆ ನೋಡುವುದಿಲ್ಲ. ಇದೂ ವ್ಯಾಪಾರದ ಒಂದು ಗುಟ್ಟು.

ಹಗ್ಗ ಕುತ್ತಿಗೆಗೆ ಬಿಗಿದದ್ದು 2020ರಲ್ಲಿ. ಲಾಕ್‌ಡೌನ್ ಆಯಿತು, ಜನ ಬರುವ ಹಾಗಿಲ್ಲ, ಬಿಯರು ಹೊರಗೆ ಹೋಗುವ ಹಾಗಿಲ್ಲ. ಟ್ಯಾಂಕು ತುಂಬಿದ ಬಿಯರು ಒಳಗೇ ಹಳಸಿತು. ಎಷ್ಟೋ ಕಡೆ ಸೀದಾ ಮೋರಿಗೆ ಬಿಟ್ಟರು. ಮೇ ತಿಂಗಳಲ್ಲಿ ಸರ್ಕಾರ ಮನಸ್ಸು ಮಾಡಿ, ಗಾಜಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಒಬ್ಬರಿಗೆ ಎರಡು ಲೀಟರು ಮನೆಗೆ ಒಯ್ಯಲು ತಾತ್ಕಾಲಿಕವಾಗಿ ಬಿಟ್ಟಿತು. ಗೌಡರ ಮಗ ಆಗಿನ್ನೂ ಕಾಲೇಜು. ಈ ಕೆಲಸಕ್ಕೆ ಸೇರುವಾಗ ಅವನಿಗೆ ಇದು ಗೊತ್ತಿತ್ತು, ಗೊತ್ತಿದ್ದೇ ಸೇರಿದ.

"ಅದು ಹೋಗ್ಲಿ, ಏರ್‌ಶೋ ಬಂದಾಗ್ಲೂ ಹಿಂಗೇ ತಾನೆ ಒದ್ದಾಟ" ಅಂದರು ಗೌಡರು.

ಹೌದಲ್ಲ! ಏರೋ ಇಂಡಿಯಾ ನಡೆಯುವ ವಾರಗಳಲ್ಲಿ ಯಲಹಂಕ ವಾಯುನೆಲೆಯ ಸುತ್ತ ಮಾಂಸ ಮಾರುವ ಹಾಗಿಲ್ಲ, ಹೋಟೆಲುಗಳಲ್ಲಿ ಬಡಿಸುವ ಹಾಗೂ ಇಲ್ಲ. 2023ರಲ್ಲಿ ಹತ್ತು ಕಿಲೋಮೀಟರು, 2025ರಲ್ಲಿ ಹದಿಮೂರು. ಎಸೆದ ಮಾಂಸಕ್ಕೆ ಹದ್ದುಗಳು ಸೇರಿ ವಿಮಾನಕ್ಕೆ ಬಡಿಯುತ್ತವೆ ಅಂತ. ಕಾರಣ ನ್ಯಾಯವಾದದ್ದೇ. ಆದರೆ ಹದ್ದಿಗೂ ಬಿಯರಿಗೂ ಜಗಳವಿಲ್ಲವಾದ್ದರಿಂದ ಬಿಯರು ಮಾತ್ರ ಇರುತ್ತದೆ. ಕಬಾಬಿಲ್ಲದ ಬಿಯರಿನ ಮುಂದೆ ಮಸಾಲೆ ಕಡ್ಲೆಕಾಯಿ, ಗೋಬಿ ಮಂಚೂರಿ ಹಿಡಿದು ಕೂತ ಉತ್ತರ ಬೆಂಗಳೂರನ್ನು ನೋಡಬೇಕು ನೀವು. ಸುಖೋಯ್ ತಲೆ ಮೇಲೆ ಗುಡುಗಿದರೂ ಮುಖ ಎತ್ತುವುದಿಲ್ಲ. ಕಹಿ ಬಿಯರಿಗೆ ಕಡ್ಲೆಕಾಯಿಯೇ ಸರಿಯಾದ ಜೋಡಿ ಎನ್ನುವುದು ನನ್ನ ಅಭಿಪ್ರಾಯ. ಗೌಡರು ಒಪ್ಪುವುದಿಲ್ಲ, ಅವರದು ಬೋಟಿ ಪಕ್ಷ.

ಅಷ್ಟರಲ್ಲಿ ಮಗನ ಬ್ರೂಪಬ್ಬಿನಿಂದ ಒಂದು ಟಾಟಾ ಏಸ್ ಬಂದು ಗೇಟಿನ ಮುಂದೆ ನಿಂತಿತು. ನೀಲಿ ಡ್ರಮ್ಮುಗಳು, ಹುಳಿಹುಳಿ ಅಂಬಲಿಯಂಥ ಘಮ. ಕೊಟ್ಟಿಗೆಯಲ್ಲಿ ನಾಲ್ಕೂ ಹಸುಗಳು ಒಟ್ಟಿಗೆ ಎದ್ದವು. ಸಿಹಿನೀರು ಸೋಸಿಕೊಂಡ ಮೇಲೆ ಉಳಿಯುವ ಕಾಳಿನ ಚರಟ ಇದು, ಇಲ್ಲಿಯವರ ಬಾಯಲ್ಲಿ 'ಬಿಯರ್ ವೇಸ್ಟು'. ಗಂಜಿಯೆಲ್ಲ ಬಿಯರಿಗೆ ಹೋಗಿರುತ್ತದೆ, ಪ್ರೋಟೀನೂ ನಾರೂ ಇಲ್ಲಿ ಉಳಿದಿರುತ್ತದೆ. ಮದ್ಯಸಾರ ಇರುವುದಿಲ್ಲ, ಯೀಸ್ಟು ಬೀಳುವ ಮೊದಲೇ ತೆಗೆದದ್ದು. ಮುಕ್ಕಾಲು ಪಾಲು ನೀರಿರುವುದರಿಂದ ಒಂದೆರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಹತ್ತಿರದಲ್ಲಿ ಹಸು ಇರಲೇಬೇಕು. ಊರಿನ ಸುತ್ತ ಹಸು ಕಟ್ಟಿದವರು ಹಿಂಡಿ ಬೂಸಾದ ಬೆಲೆಗೆ ಹೆದರಿ ಇದನ್ನು ಹಿಡಿದುಕೊಂಡಿದ್ದಾರೆ.

"ಹಾಲು ಜಾಸ್ತಿ ಆಯ್ತಾ?"

"ಒಂದೊಂದು ಲೀಟ್ರು ಏರದೆ. ಆದ್ರೆ ಇದೊಂದ್ನೇ ಹಾಕಿದ್ರೆ ಉಚ್ಕತವೆ. ಹುಲ್ಲು ಜೊತೇಲಿ ಹಾಕ್ಬೇಕು." ಇದರ ಬಗ್ಗೆ ಗೌಡರಿಗೆ ಮೇಷ್ಟ್ರ ಪಾಠ ಬೇಕಾಗಿಲ್ಲ.

ಡ್ರಮ್ಮು ಇಳಿಸಿಕೊಂಡು ಬೆವರೊರೆಸಿಕೊಂಡು ಮತ್ತೆ ಗೋಡೆಗೆ ಬಂದರು. ತಲೆಯಲ್ಲಿ ಏನೋ ಹೊಕ್ಕಿತ್ತು.

"ಮೇಷ್ಟ್ರೇ, ಬಾರ್ಲಿ ಬದ್ಲು ನಮ್ ರಾಗಿ ಹಾಕಿದ್ರೆ?"

ಹಾಕುತ್ತಾರೆ. ನಮ್ಮ ಊರಿನ ಬ್ರೂವರಿಗಳಲ್ಲಿ ರಾಗಿ ಬಿಯರಿನ ಪ್ರಯೋಗ ನಡೆದೇ ಇದೆ. ಸಿಕ್ಕಿಂ, ಡಾರ್ಜಿಲಿಂಗ್ ಗುಡ್ಡಗಳಲ್ಲಿ ರಾಗಿಯನ್ನು ಬೇಯಿಸಿ ಹುದುಗಿಸಿ, ಬಿದಿರಿನ ಪಾತ್ರೆಗೆ ತುಂಬಿ ಬಿಸಿನೀರು ಹೊಯ್ದು ಬಿದಿರಿನ ಕೊಳವೆಯಲ್ಲಿ ಹೀರುತ್ತಾರೆ, ತೋಂಗ್ಬಾ ಅಂತ ಅದಕ್ಕೆ. ಕಿರುಧಾನ್ಯಗಳ ಪೈಕಿ ಮೊಳಕೆಗೆ ಒಳ್ಳೆಯ ಕಿಣ್ವ ಕೊಡುವುದು ರಾಗಿಯೇ. ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐನಲ್ಲಿ ಮಲ್ಲೇಶಿಯವರು ರಾಗಿ ಮಾಲ್ಟಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ತೊಡಕು ಎರಡು. ರಾಗಿಯ ಗಂಜಿ ಬಾರ್ಲಿಗಿಂತ ಹೆಚ್ಚು ಬಿಸಿಯಲ್ಲಿ ಬಿಚ್ಚಿಕೊಳ್ಳುತ್ತದೆ, ಆ ಬಿಸಿಗೆ ಕಿಣ್ವಕ್ಕೆ ಆಪತ್ತು. ಮತ್ತೆ ಬಾರ್ಲಿಗೆ ಹೊಟ್ಟಿರುತ್ತದೆ. ಸೋಸುವಾಗ ಆ ಹೊಟ್ಟೇ ಜರಡಿ. ರಾಗಿ ಹಿಟ್ಟಾಗಿ ಕೂತು ಪೈಪು ಕಟ್ಟಿಕೊಳ್ಳುತ್ತದೆ. ಹಾಗಾಗಿ ಪೂರ್ತಿ ರಾಗಿ ಹಾಕದೆ ಬಾರ್ಲಿ ಜೊತೆ ಒಂದು ಪಾಲು ಸೇರಿಸುತ್ತಾರೆ.

ಗೌಡರಿಗೆ ರಾಜಾನುಕುಂಟೆ ಕಡೆ ಇನ್ನೂ ಒಂದು ಎಕರೆ ಉಳಿದಿದೆ. ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯ ಕೃಷಿಮೇಳಕ್ಕೆ ತಪ್ಪದೆ ಹೋಗಿ ಬೀಜ ತರುವವರು, ಹಾಕುವುದು ಜಿಪಿಯು 28 ರಾಗಿ. ಬೆಂಕಿರೋಗ ತಡೆಯುತ್ತದೆ, ಮುದ್ದೆ ಮೆತ್ತಗೆ ಬರುತ್ತದೆ.

"ಬೆಂಬಲ ಬೆಲೆ 2025-26ಕ್ಕೆ ಕ್ವಿಂಟಾಲ್‌ಗೆ 4,886 ಮಾಡಿದ್ರು. ನಿಮ್ ಬ್ರೂವರಿಯೋರು ಎಷ್ಟ್ ಕೊಡ್ತಾರೆ ಕೇಳಿ."

"ನನ್ನ ಬ್ರೂವರಿ ಎಲ್ಲಿಂದ ಬಂತು? ನಿಮ್ಮ ಮಗನದ್ದು. ಅವನ ಟ್ಯಾಂಕು ಎಷ್ಟರದು?"

"ಸಾವ್ರ ಲೀಟ್ರು ಅಂದಿದ್ದ."

ಸಾವಿರ ಲೀಟರಿಗೆ ಹೆಚ್ಚುಕಮ್ಮಿ ಇನ್ನೂರು ಕೇಜಿ ಧಾನ್ಯ ಬೇಕು. ಐದರಲ್ಲೊಂದು ಪಾಲು ರಾಗಿ ಹಾಕಿದರೆ ನಲವತ್ತು ಕೇಜಿ. ಅದನ್ನೂ ದಿನಾ ಮಾಡುವುದಿಲ್ಲ. ರಾಗಿ ಬಿಯರು ಎರಡು ಮೂರು ತಿಂಗಳಿಗೊಂದು ಸಲ.

"ನಲ್ವತ್ತು ಕೇಜಿ!" ಗೌಡರು ಹೆಂಡತಿಯ ಕಡೆ ತಿರುಗಿದರು. "ಲೇ, ನಮ್ಮನೇಗೆ ತಿಂಗ್ಳಿಗೆ ಎಷ್ಟಮ್ಮ ರಾಗಿ?"

"ಆಳು ಬಂದ್ರೆ ಐವತ್ತು, ಇಲ್ದಿದ್ರೆ ಮೂವತ್ತೈದು."

"ನೋಡಿದ್ರಾ ಮೇಷ್ಟ್ರೇ, ಸಾವ್ರ ಜನ ಕುಡ್ಯೋ ಬಿಯರಿಗಿಂತ ನಮ್ಮನೆ ನಾಕ್ ಜನ ಮುದ್ದೇಲೇ ಜಾಸ್ತಿ ಮುಗಿಸ್ತೀವಿ. ಇದ್ಕೆ ಲಾರಿ ಬಾಡ್ಗೆನೂ ಗಿಟ್ಟಾಕಿಲ್ಲ. ರಾಗಿ ಮಾತು ಬುಡಿ" ಅಂದು ಹಾಳೆಯನ್ನು ನನ್ನ ಕಡೆ ತಳ್ಳಿದರು. "ಇದನ್ನ ಚೆಂದಾಗಿ ಬರ್ದಿಡಿ, ಸಾಯಂಕಾಲ ಇಸ್ಕತೀನಿ. ಅಂಗೇ ನಮ್ ಹುಡ್ಗ ಸಿಕ್ರೆ ಹೇಳಿ, ವೇಸ್ಟು ವಾರಕ್ಕೊಂದ್ ಸಲ ಸಾಲಾಕಿಲ್ಲ, ಎರಡ್ ಸಲ ಕಳ್ಸ್‌ಬೇಕಂತೆ. ನಾನ್ ಹೇಳಿದ್ರೆ ಓನರ್‌ನ ಕೇಳ್ಬೇಕು ಅಂತಾನೆ."